ಇಂಟರ್ವಲ್ಲಿಗೆ ಎದ್ದು ಬಂದವನ ಹಬ್ಬದ ಸಿನಿಮಾಗಳು

ನಾನು ಓದು ನಿಲ್ಲಿಸಿದ್ದು ೧೯೮೭ರಲ್ಲಿ, ಒಂಬತ್ತನೇ ಕ್ಲಾಸಿನ ನಡುವೆ. ದಸರಾ ರಜೆಗೆಂದು ಶಾಲೆಯಿಂದ ಹೊರಗೆ ಬಂದವನು ರಜೆ ಮುಗಿದ ಮೇಲೆ ಒಳಗೆ ಹೋಗಲಿಲ್ಲ, ಅಷ್ಟೇ. ಮನೆಯಲ್ಲಿ ಯಾರೂ ಹೊಡೆಯಲಿಲ್ಲ, ಮೇಷ್ಟರು ಹುಡುಕಿಕೊಂಡು ಬರಲಿಲ್ಲ. ಎರಡೂ ಕಡೆಯವರಿಗೆ ಒಂದು ಬಗೆಯ ಸಮಾಧಾನವೇ ಆಗಿರಬೇಕು. ಬೀರೂರಿನಲ್ಲಿ ಮೋಟರ್ ವೈಂಡಿಂಗ್ ಮಾಡುವ ಒಬ್ಬರ ಅಂಗಡಿಯಲ್ಲಿ ಸುಟ್ಟ ತಂತಿ ಕಿತ್ತುಹಾಕುವ ಕೆಲಸಕ್ಕೆ ಸೇರಿದೆ. ಇವತ್ತು ಅಜ್ಜಂಪುರದಲ್ಲಿ ನನ್ನದೇ ಅಂಗಡಿ ಇದೆ. ಬೋರ್‌ವೆಲ್ ಮೋಟರ್ ಸುಟ್ಟುಹೋದರೆ ಸುತ್ತಲ ಊರಿನ ರೈತರಿಗೆ ಮೊದಲು ನೆನಪಾಗುವುದು ದೇವರು, ಆಮೇಲೆ ನನ್ನ ಫೋನ್ ನಂಬರು. ಕೆಲವರಿಗೆ ಈ ಸರದಿ ತಿರುಗುಮುರುಗು.

ಇಷ್ಟನ್ನು ಮೊದಲೇ ಹೇಳಿದ್ದು ಯಾಕೆಂದರೆ, ಸಿನಿಮಾದ ಬಗ್ಗೆ ಮಾತಾಡಲು ಇವನಿಗೇನು ಯೋಗ್ಯತೆ ಎಂದು ಯಾರಾದರೂ ಕೇಳಬಹುದು. ಯೋಗ್ಯತೆ ಇದೆ. ಶುಕ್ರವಾರ ಬಂತೆಂದರೆ ಥಿಯೇಟರಿಗೆ ಓಡುವ ಹುಚ್ಚರಿಗೆ ಸಿನಿಮಾದ ರುಚಿ ತಿಳಿಯುವುದಿಲ್ಲ, ದಿನಾ ಹೋಟೆಲಿನಲ್ಲಿ ತಿನ್ನುವವನಿಗೆ ಸಾರಿನ ರುಚಿ ತಿಳಿಯದ ಹಾಗೆ. ನಾನು ನೋಡುವುದು ವರ್ಷಕ್ಕೆ ಮೂರು. ದಸರೆಗೊಂದು, ದೀಪಾವಳಿಗೊಂದು, ಸಂಕ್ರಾಂತಿಗೊಂದು. ಮಿಕ್ಕ ದಿನ ನನಗೆ ಪುರುಸೊತ್ತಿಲ್ಲ, ಮಿಕ್ಕ ದಿನ ಬರುವ ಸಿನಿಮಾಗಳಿಗೆ ಜನವೂ ಇಲ್ಲ.

ಹಬ್ಬದ ಸಿನಿಮಾ ಮಾಡುವವರಿಗೂ ನಮ್ಮ ಅಜ್ಜಂಪುರ ಸೀಮೆಯ ಈರುಳ್ಳಿ ಬೆಳೆಗಾರರಿಗೂ ಹೆಚ್ಚು ವ್ಯತ್ಯಾಸ ಕಾಣೆ. ಎಲ್ಲರೂ ಒಂದೇ ವಾರ ನೋಡಿಕೊಂಡು ಮಾಲು ತಂದು ಸುರಿಯುತ್ತಾರೆ. ಆಮೇಲೆ ಕೊಳ್ಳುವವರಿಲ್ಲ ಎಂದು ಎಲ್ಲರೂ ಒಟ್ಟಿಗೆ ಅಳುತ್ತಾರೆ. ಈರುಳ್ಳಿಯವನು ಅಳುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಸಿನಿಮಾದವನು ಟೀವಿಯಲ್ಲಿ ಕೂತು ಅಳುವಾಗ, ಅವನ ಕಣ್ಣಿಗೆ ಹಾಕಿರುವ ತಂಪು ಕನ್ನಡಕ ನೋಡಿ ಚಾನೆಲ್ ಬದಲಾಯಿಸುತ್ತೇನೆ.

ನಮ್ಮೂರ ಬಸ್ ಸ್ಟ್ಯಾಂಡಿನ ಎದುರು ಒಂದು ಟೀ ಹೋಟೆಲಿದೆ. ಹಬ್ಬದ ಮಾರನೆಯ ಬೆಳಿಗ್ಗೆ ನಾನು ಅಲ್ಲಿಗೆ ಕಾಲಿಟ್ಟರೆ ಹೋಟೆಲಿನವನು ಟೀ ಸೋಸುವುದನ್ನು ನಿಲ್ಲಿಸಿ ಕೇಳುತ್ತಾನೆ.

"ಏನಣ್ಣಾ, ಹೆಂಗೈತೆ ಪಿಚ್ಚರು?"

ನಾನು ಲೋಟ ಕೈಗೆ ತಗೊಂಡು, ಒಂದು ಗುಟುಕು ಕುಡಿದು, "ಓಡ್ತದೆ" ಅನ್ನುತ್ತೇನೆ. ಇಲ್ಲವೇ "ಮಕಾಡೆ" ಅನ್ನುತ್ತೇನೆ. ಇವೆರಡು ಬಿಟ್ಟು ಮೂರನೆಯ ಮಾತು ನನ್ನ ಬಾಯಿಂದ ಬರುವುದಿಲ್ಲ. ಬೆಂಚಿನ ಮೇಲೆ ಕೂತವರು ಅದನ್ನು ಕೇಳಿಕೊಂಡು ಹೋಗಬೇಕೋ ಬೇಡವೋ ಎಂದು ತೀರ್ಮಾನ ಮಾಡುತ್ತಾರೆ. ಪೇಪರಿನವರು ಅರ್ಧ ಪುಟ ಬರೆದು ಕೊನೆಗೆ ಏನೂ ಹೇಳದೆ ಬಿಡುವುದನ್ನು ನಾನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ ಎಂಬ ಹೆಸರು ನನಗಿದೆ.

ಆ ಬೆಂಚಿನವರಿಗೆ ಗೊತ್ತಿಲ್ಲದ, ನನ್ನ ಹೆಂಡತಿಗೆ ಮಾತ್ರ ಗೊತ್ತಿದ್ದ ಒಂದು ವಿಷಯವಿತ್ತು. ನಾನು ಯಾವ ಸಿನಿಮಾವನ್ನೂ ಇಂಟರ್ವಲ್ ದಾಟಿ ನೋಡಿದವನಲ್ಲ.

ಅದಕ್ಕೆ ಕಾರಣವಿದೆ. ಮೋಟರಿಗೆ ಸ್ವಿಚ್ ಹಾಕಿ ಸದ್ದು ಕೇಳಿದರೆ ಸಾಕು, ಬೇರಿಂಗ್ ಹೋಗಿದೆಯೋ, ಬುಷ್ ಸವೆದಿದೆಯೋ, ಇನ್ನೆಷ್ಟು ದಿನ ಬಾಳುತ್ತದೋ ಹೇಳಬಹುದು. ಅದನ್ನು ತಿಳಿಯಲು ಬೋರಿನ ನೀರೆಲ್ಲ ಬತ್ತುವವರೆಗೆ ಯಾರೂ ಕಾದು ನಿಲ್ಲುವುದಿಲ್ಲ. ಸಿನಿಮಾಕ್ಕೂ ಅದೇ ಲೆಕ್ಕ. ಮೊದಲರ್ಧ ನೋಡಿದವನಿಗೆ ಉಳಿದರ್ಧ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ತಿಳಿಯದಿದ್ದರೆ ಅವನ ತಲೆಯಲ್ಲಿ ಏನೋ ಸುಟ್ಟಿದೆ ಎಂದು ಅರ್ಥ. ಹೆಂಡತಿಗೆ ಮಾತ್ರ ನಾನು ಬೇರೆ ಕಾರಣ ಹೇಳುತ್ತಿದ್ದೆ. "ತ್ರೀ ಫೇಸ್ ಕರೆಂಟ್ ಬರೋ ಹೊತ್ತಾಯ್ತು ಕಣೇ, ಯಾರದಾದ್ರೂ ಮೋಟರ್ ಸುಟ್ಟಿರ್ತದೆ, ಅಂಗ್ಡಿ ಬಾಗ್ಲು ತೆಗ್ದಿರ್ಬೇಕು" ಎಂದು. ಅವಳು ಉಳಿದ ಕಡಲೆಕಾಯಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹಿಂದೆ ಬರುತ್ತಿದ್ದಳು. ಗಂಡ ಎದ್ದ ಮೇಲೆ ಹೆಂಗಸು ಒಬ್ಬಳೇ ಕೂತು ಸಿನಿಮಾ ನೋಡುವ ಅಭ್ಯಾಸ ನಮ್ಮ ಮನೆತನದಲ್ಲಿ ಇರಲಿಲ್ಲ. ದಾರಿಯುದ್ದಕ್ಕೂ ಉಳಿದ ಕತೆಯನ್ನು ನಾನೇ ಹೇಳಿ ಮುಗಿಸುತ್ತಿದ್ದೆ. ಊರು ಮುಟ್ಟುವಷ್ಟರಲ್ಲಿ ಕೆಟ್ಟವರು ಸತ್ತು, ಒಳ್ಳೆಯವರ ಮದುವೆಯಾಗಿ, ಎಲ್ಲ ಸರಿಹೋಗಿರುತ್ತಿತ್ತು. ಮದುವೆಯಾದಾಗಿನಿಂದ ನಮ್ಮ ಸಂಸಾರದ ಸಿನಿಮಾಗಳು ಹೀಗೇ ಮುಗಿದವು. ಹೋದ ದಸರೆಯವರೆಗೆ.

ಆಯುಧಪೂಜೆಯ ದಿನ ನಮ್ಮ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿದೆ. ವೈಂಡಿಂಗ್ ಮೆಷಿನ್ನು, ಸ್ಪ್ಯಾನರು, ಇಕ್ಕಳ, ಸುತ್ತಿಗೆ ಎಲ್ಲವನ್ನೂ ತೊಳೆದು, ವಿಭೂತಿ ಬಳಿದು, ಚೆಂಡುಹೂವು ಇಟ್ಟು ಮಂಗಳಾರತಿ ಮಾಡಿದ ಮೇಲೆ ಮಾರನೆಯ ದಿನ ಪೂಜೆ ಇಳಿಸುವವರೆಗೆ ಒಂದನ್ನೂ ಮುಟ್ಟುವಂತಿಲ್ಲ. ಯಾವಾಗಲೂ ಜೇಬಿನಲ್ಲಿರುವ ಟೆಸ್ಟರನ್ನು ಕೂಡ ಅವತ್ತು ದೇವರ ಮುಂದೆ ಮಲಗಿಸುತ್ತೇನೆ. ಕೆಲಸ ಕಲಿಸಿದ ಬೀರೂರಿನ ಗುರುಗಳು ಹಾಕಿಕೊಟ್ಟ ಪದ್ಧತಿ ಇದು. ಒಂದು ಸಲ ದೇವನೂರು ಕಡೆಯ ದೊಡ್ಡ ಕುಳವೊಂದು ಕಾರು ತಂದು ನಿಲ್ಲಿಸಿ ಕರೆದರೂ ನಾನು ಜಗ್ಗಿಲ್ಲ. "ಸಾಮಾನು ಕೂತಾವೆ ಸ್ವಾಮಿ, ನಾಳೆ ಏಳ್ತಾವೆ" ಎಂದು ಕಳಿಸಿದ್ದೇನೆ.

ಹಾಗೆ ಕೈ ಖಾಲಿಯಾದ ದಿನ ಕಡೂರಿಗೆ ಹೋದೆವು. ಅಲ್ಲಿ ನನ್ನ ಭಾವಮೈದ, ಅಂದರೆ ಹೆಂಡತಿಯ ತಮ್ಮ, ತೆಂಗಿನಕಾಯಿ ವ್ಯಾಪಾರ ಮಾಡಿಕೊಂಡಿದ್ದಾನೆ. ಅವನ ಮನೆಯಲ್ಲಿ ಹೋಳಿಗೆ ಊಟ ಮಾಡಿ, ಮೂವರೂ ಥಿಯೇಟರಿಗೆ ಹೋದೆವು.

ದಸರೆಯ ಸಿನಿಮಾದ ಹೀರೋಗೆ ಗಡ್ಡ ಇತ್ತು. ಈಗಿನ ಹೀರೋಗಳಿಗೆ ಗಡ್ಡ ಇಲ್ಲದಿದ್ದರೆ ಊರಿನೊಳಗೆ ಬಿಡುವುದಿಲ್ಲವೋ ಏನೋ. ಊರೂ ಒಂದು ಥರದ್ದು. ಎಲ್ಲಿ ನೋಡಿದರೂ ಕಪ್ಪು ಧೂಳು, ಯಾರ ಮೈಮೇಲೂ ಒಗೆದ ಬಟ್ಟೆ ಇಲ್ಲ. ನೂರಾರು ಜನ ಮಚ್ಚು ಹಿಡಿದು ಸುಮ್ಮನೆ ನಿಂತಿರುತ್ತಾರೆ. ಇವರು ಯಾವಾಗ ಹೊಲಕ್ಕೆ ಹೋಗುತ್ತಾರೆ, ಇವರಿಗೆ ಅನ್ನ ಬೇಯಿಸುವವರು ಯಾರು ಎಂದು ನಾನು ಯೋಚಿಸುತ್ತಿದ್ದೆ. ಯಾರಾದರೂ ಬಾಗಿಲು ತೆಗೆದರೆ ಡೋಲು, ಬಾಗಿಲು ಹಾಕಿದರೆ ಡೋಲು. ದಿನವಿಡೀ ಮೋಟರಿನ ಸದ್ದು ಕೇಳಿ ಬದುಕುವ ನನಗೇ ಕಿವಿ ಮುಚ್ಚಿಕೊಳ್ಳುವ ಹಾಗಾಯಿತು.

ಅದನ್ನೆಲ್ಲ ಸಹಿಸಿದೆ. ಇಂಟರ್ವಲ್ಲಿಗೆ ಸ್ವಲ್ಪ ಮೊದಲು ಹೀರೋ ಒಂದು ಬೋರ್‌ವೆಲ್ ಹತ್ತಿರ ಬಂದ. ಊರಿಗೆ ನೀರಿಲ್ಲ, ಮೋಟರ್ ಕೆಟ್ಟಿದೆ, ಮುದುಕಿಯೊಬ್ಬಳು ಬಿಂದಿಗೆ ಹಿಡಿದು ಅಳುತ್ತಿದ್ದಾಳೆ. ಹೀರೋ ಅಂಗಿಯ ತೋಳು ಮಡಿಸಿದ. ಒಂದೇ ಕೈಯಲ್ಲಿ ಪೈಪು ಹಿಡಿದು ಎಳೆದ. ಮೋಟರ್ ಸಮೇತ ಅಷ್ಟೂ ಪೈಪು ಮೂಲಂಗಿ ಕಿತ್ತ ಹಾಗೆ ಮೇಲೆ ಬಂತು. ಅದನ್ನು ಬೀಸಿ ನಾಲ್ಕು ಜನಕ್ಕೆ ಹೊಡೆದ. ಅವರು ಗಾಳಿಯಲ್ಲಿ ನಿಧಾನವಾಗಿ ಹಾರಿ, ದೂರ ಹೋಗಿ ಬಿದ್ದರು. ಇಷ್ಟು ಸಾಲದು ಎಂಬಂತೆ, ಮೋಟರೇ ಇಲ್ಲದ ಬೋರಿನಿಂದ ನೀರು ಆಕಾಶಕ್ಕೆ ಚಿಮ್ಮಿತು. ಥಿಯೇಟರಿನ ತುಂಬ ಶಿಳ್ಳೆ. ನನ್ನ ಭಾವಮೈದ ಕುರ್ಚಿಯ ಮೇಲೆ ನಿಂತಿದ್ದ. ಅವನ ತೋಟದ ಮೋಟರ್ ಎತ್ತಲು ಕಳೆದ ಬೇಸಿಗೆಯಲ್ಲಿ ನಾವು ನಾಲ್ಕು ಆಳು ಚೈನು ಕಪ್ಪಿ ಕಟ್ಟಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬೆವರು ಸುರಿಸಿದ್ದೆವು. ಅವನೇ ಪಕ್ಕದಲ್ಲಿ ನಿಂತು ಮಜ್ಜಿಗೆ ಕೊಟ್ಟಿದ್ದ. ಈಗ ಶಿಳ್ಳೆ ಹೊಡೆಯುತ್ತಿದ್ದ.

ಇಂಟರ್ವಲ್ ದೀಪ ಹತ್ತಿತು. ನಾನು ಎದ್ದೆ.

"ನಡಿಯೇ."

"ಕೂತ್ಕಳ್ರೀ" ಅಂದಳು ಹೆಂಡತಿ. "ಅಂಗ್ಡಿಗೆ ಪೂಜೆ ಆಗೈತೆ. ಯಾರ ಮೋಟರ್ ಸುಟ್ರೂ ನೀವು ಇವತ್ತು ಕೈ ಹಾಕಂಗಿಲ್ಲ. ಎಲ್ಲಿಗೆ ಓಡ್ತೀರಿ?"

ಈ ಪ್ರಶ್ನೆ ನಾನು ನಿರೀಕ್ಷಿಸಿರಲಿಲ್ಲ. ಇಷ್ಟು ವರ್ಷ ದಸರೆಗೆ ಅವಳು ಕೇಳದೆ ಬಿಟ್ಟದ್ದೇ ಒಂದು ಉಪಕಾರ ಎಂದು ಆಗ ಹೊಳೆಯಿತು.

"ಇಂಥ ಸುಳ್ಳು ನೋಡಕ್ಕೆ ನಾನಿಲ್ಲಿ ಕೂರಲ್ಲ" ಅಂದೆ.

ಭಾವಮೈದ ನಕ್ಕ. "ಭಾವಾ, ಅದು ಪಿಚ್ಚರು ಕಣ್ರೀ. ಅವ್ನೇನು ನಿಮ್ಮ ಅಂಗ್ಡಿಗೆ ಕೆಲಸಕ್ಕೆ ಬತ್ತಾನಾ?"

"ಬಂದ್ರೆ ಸೇರಿಸ್ಕೊತೀನಿ ಕಣೋ. ಚೈನು ಕಪ್ಪಿ ಖರ್ಚು ಉಳೀತದೆ" ಅಂದು ಹೊರಗೆ ನಡೆದೆ. ಹೆಂಡತಿ ಬಂದಳು. ಭಾವಮೈದ ಅಲ್ಲೇ ಕೂತ.

ಬೈಕಿನ ಮೇಲೆ ಬರುತ್ತ ನಾನು ವಾಡಿಕೆಯಂತೆ ಉಳಿದ ಕತೆ ಹೇಳಿದೆ. ಆ ಮುದುಕ ಸಾಹುಕಾರನೇ ಎಲ್ಲದಕ್ಕೂ ಮೂಲ, ಹೀರೋ ಕೊನೆಗೆ ಅವನನ್ನು ಮುಗಿಸಿ ಊರಿನ ಯಜಮಾನನಾಗುತ್ತಾನೆ, ಹೀರೋಯಿನ್‌ಗೆ ಇನ್ನೊಂದು ಹಾಡಿದೆ, ಅಷ್ಟೇ. ಬೀರೂರು ದಾಟಿ, ಅಜ್ಜಂಪುರದ ರಸ್ತೆಗೆ ತಿರುಗಿದ ಮೇಲೆ ಬೆನ್ನ ಹಿಂದಿನಿಂದ ಮಾತು ಬಂತು.

"ಓದೂ ಅರ್ಧ, ಪಿಚ್ಚರೂ ಅರ್ಧ."

ನಾನು ಬೈಕಿನ ಸ್ಪೀಡು ಕಡಿಮೆ ಮಾಡಿದೆ.

"ನಿಮ್ಗೆ ಬೇಡದಿದ್ರೆ ಬ್ಯಾಡ ಬಿಡಿ. ನಾನು ಸಾಯೋದ್ರೊಳಗೆ ಒಂದಾದ್ರೂ ಪೂರ್ತಿ ನೋಡ್ಬೇಕು ಕಣ್ರೀ. ಒಂದೇ ಒಂದು. ಕೊನೇಲಿ ಎಲ್ರೂ ಕಣ್ಣು ಒರೆಸ್ಕೊಂಡು, ಮಾತಾಡ್ಕೊಂಡು ಒಟ್ಟಿಗೆ ಆಚೆ ಬತ್ತಾರಲ್ಲ, ಅವರ ಮಧ್ಯ ನಾನೂ ಬರ್ಬೇಕು. ಯಾವಾಗ್ಲೂ ಬೋಂಡ ತಗಳ್ಳೋರ ಮಧ್ಯ ನುಗ್ಗಿ ಕಳ್ರಂಗೆ ಆಚೆ ಬರಾದೇ ಆಯ್ತು."

ಓದಿನ ಮಾತು ಎತ್ತಿದ್ದಕ್ಕೆ ನನಗೆ ಸಿಟ್ಟು ಬಂತು. ಅರ್ಧ ಓದಿದವನು ಕಟ್ಟಿದ ಮನೆಯಲ್ಲೇ ಪೂರ್ತಿ ಓದಿದ ಇಬ್ಬರು ಬಾಡಿಗೆಗಿದ್ದರು ಎಂದು ಹೇಳಬೇಕೆನಿಸಿತು. ಆದರೆ ಅವಳು ಕೇಳಿದ್ದು ಮನೆಯ ವಿಷಯವಾಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಟೀ ಹೋಟೆಲಿನಲ್ಲಿ "ಮಕಾಡೆ" ಎಂದು ತೀರ್ಪು ಕೊಟ್ಟು ಹೊರಗೆ ಬರುವಾಗ ಭಾವಮೈದನ ಫೋನು ಬಂತು.

"ಭಾವಾ, ಅಕ್ಕಂಗೆ ಏನು ಕತೆ ಹೇಳಿದ್ರಂತೆ? ಹೀರೋ ಸತ್ತೋದ ಕಣ್ರೀ. ಆ ಮುದುಕ ಸಾವ್ಕಾರನೇ ಒಳ್ಳೇವ್ನು. ಹೀರೋಯಿನ್ನೇ ಎಲ್ಲಾ ಮಾಡ್ಸಿದ್ದು."

"ಹಂಗಾದ್ರೆ ಅವ್ರು ಪಿಚ್ಚರ್ ತಪ್ಪು ತೆಗ್ದವ್ರೆ ಕಣೋ" ಅಂದೆ.

ಈಗಲೂ ನನ್ನ ಅಭಿಪ್ರಾಯ ಅದೇ. ಆದರೆ ಆ ತಪ್ಪು ಸಿನಿಮಾ ಕಡೂರಿನಲ್ಲಿ ವಾರಗಟ್ಟಲೆ ಓಡಿತು. ನಮ್ಮ ಬೆಂಚಿನವರೂ ಒಬ್ಬೊಬ್ಬರಾಗಿ ಹೋಗಿ ನೋಡಿಕೊಂಡು ಬಂದು, ನನ್ನನ್ನು ಕಂಡರೆ ಟೀ ಲೋಟದೊಳಗೆ ನೋಡತೊಡಗಿದರು.

ದೀಪಾವಳಿಯ ಹೊತ್ತಿಗೆ ನಾನು ಒಪ್ಪಿಕೊಂಡೆ. ಒಪ್ಪದೆ ದಾರಿ ಇರಲಿಲ್ಲ. ದಸರೆಯಿಂದ ದೀಪಾವಳಿಯವರೆಗೆ ಮನೆಯಲ್ಲಿ ಊಟಕ್ಕೆ ಕೂತರೆ ಸಾರು ಬಡಿಸಿ, ಮಜ್ಜಿಗೆ ಬಡಿಸದೆ ಒಳಗೆ ಹೋಗುತ್ತಿದ್ದಳು. ಕೇಳಿದರೆ, "ಅರ್ಧ ಊಟ ಮಾಡಿದ್ಮೇಲೆ ಉಳಿದಿದ್ದು ಹೆಂಗಿರ್ತದೆ ಅಂತ ಗೊತ್ತಾಗಲ್ವಾ ನಿಮ್ಗೆ?" ಅನ್ನುತ್ತಿದ್ದಳು.

ಪಾಡ್ಯದ ದಿನ ತರೀಕೆರೆಗೆ ಹೋದೆವು. ಫೋನನ್ನು ಆಫ್ ಮಾಡಿಸಿ ಅವಳೇ ತನ್ನ ಬ್ಯಾಗಿನಲ್ಲಿಟ್ಟುಕೊಂಡಳು. ಈ ಸಲ ತಾಯಿ ಮಗನ ಕತೆ. ಚಿಕ್ಕವನಿದ್ದಾಗ ಜಾತ್ರೆಯಲ್ಲಿ ಕಳೆದುಹೋದ ಹುಡುಗ ದೊಡ್ಡವನಾಗಿ ಬಂದರಿನಲ್ಲಿ ಕಳ್ಳಸಾಗಣೆ ಮಾಡುತ್ತಾನೆ. ತಾಯಿ ಮಾತ್ರ ದಿನಾ ಒಂದು ತಟ್ಟೆ ಅನ್ನ ಹಾಕಿಕೊಂಡು ಜಗಲಿಯ ಮೇಲೆ ಕಾಯುತ್ತಾಳೆ. ಮಗನ ಕಡೆ ಹಡಗು, ಬಂದೂಕು, ಹಾಡಿಗೆ ಕುಣಿಯಲು ಬಂದ ಪರದೇಶದ ಹುಡುಗಿಯರು. ತಾಯಿಯ ಕಡೆ ಒಂದು ತಟ್ಟೆ ಅನ್ನ. ಖರ್ಚೆಲ್ಲ ಮಗನಿಗೇ ಆಗಿದೆ. ಆದರೂ ಜನ ನೋಡುತ್ತಿದ್ದದ್ದು ತಟ್ಟೆಯನ್ನು.

ಇಂಟರ್ವಲ್ ಆಯಿತು. ಜನ ಎದ್ದರು. ನನ್ನ ಕಾಲು ತನ್ನಷ್ಟಕ್ಕೆ ತಾನೇ ಎದ್ದಿತು, ಹೆಂಡತಿ ಅಂಗಿಯ ತುದಿ ಹಿಡಿದು ಕೂರಿಸಿದಳು. ಮತ್ತೆ ದೀಪ ಆರಿತು. ಇಂಟರ್ವಲ್ ಆದಮೇಲಿನ ಥಿಯೇಟರನ್ನು ನಾನು ಅವತ್ತು ಮೊದಲ ಸಲ ನೋಡಿದೆ. ಅಲ್ಲಿನ ಗಾಳಿಯೇ ಬೇರೆ. ಜನ ಚಪ್ಪಲಿ ಬಿಟ್ಟು ಕಾಲು ಮಡಚಿ ಕೂತಿರುತ್ತಾರೆ. ಮಕ್ಕಳು ನಿದ್ದೆ ಹೋಗಿರುತ್ತವೆ. ಪಕ್ಕದವನು ಕೇಳದೆಯೇ ಕಡಲೆಕಾಯಿ ಕೊಡುತ್ತಾನೆ, ಮೊದಲರ್ಧದಲ್ಲಿ ಕೈಯೂರಲು ಜಾಗ ಕೊಡದವನೇ. ಹುಡುಗನಿದ್ದಾಗ ಅಜ್ಜಂಪುರದ ಟೆಂಟಿನಲ್ಲಿ ಮರಳಿನ ಮೇಲೆ ಕೂತು ಅರ್ಧರ್ಧವೇ ನೋಡಿದವನು ನಾನು, ಈ ಒಂದು ಊರು ಇಷ್ಟು ದಿನ ನನಗೆ ಕಾಣದೆ ಎಲ್ಲಿತ್ತು ಅನ್ನಿಸಿತು.

ಕೊನೆಗೆ ಮಗ ಊರಿಗೆ ಬಂದ. ಸಂಜೆ ಹೊತ್ತು. ಗೇಟಿನ ಹತ್ತಿರ ನಿಂತ. ಜಗಲಿಯಲ್ಲಿ ತಾಯಿ, ಮುಂದೆ ತಟ್ಟೆ. ಗೇಟು ಕಿರ್ರೆಂದಿತು. ತಾಯಿ ತಲೆ ಎತ್ತಿದಳು. ನನ್ನ ಹೆಂಡತಿ ನನ್ನ ಮೊಣಕೈ ಹಿಡಿದುಕೊಂಡಳು. ತಾಯಿ ಬಾಯಿ ತೆರೆದಳು.

ಪರದೆ ಕಪ್ಪಾಯಿತು. ಉಳಿದ ಕತೆ ಎರಡನೇ ಭಾಗದಲ್ಲಿ ಎಂದು ಅಕ್ಷರ ಬಂತು.

ಜನ ಗೊಣಗಿಕೊಂಡು ಎದ್ದರು. ನನ್ನ ಹೆಂಡತಿ ಏಳಲಿಲ್ಲ.

"ಏಳೇ, ಮುಗೀತು."

"ಎಲ್ಲಿ ಮುಗೀತು? ಆಯಮ್ಮ ಏನೋ ಅನ್ನಕ್ಕೋದ್ಲು."

"ಅದು ಮುಂದಿನ ಪಿಚ್ಚರಲ್ಲಂತೆ."

"ಯಾವಾಗ?"

"ಒಂದೆರಡು ವರ್ಷ ಆಗ್ಬೋದು."

ಅವಳು ಪರದೆಯನ್ನೇ ನೋಡುತ್ತ ಕೂತಿದ್ದಳು. "ಎರಡು ವರ್ಷಾನಾ? ಆ ಅನ್ನ ಹಳಸೋಯ್ತದಲ್ರೀ!"

ಬಾಗಿಲ ಹತ್ತಿರ ನಿಂತಿದ್ದ ಥಿಯೇಟರಿನವನು ಬಂದು, "ಅಮ್ಮಾ, ಮುಂದಿನ ಶೋಗೆ ಜನ ನಿಂತವ್ರೆ" ಅಂದ. ಅವನ ಮುಖ ನೋಡಿ, "ನಿಮ್ಗಾದ್ರೂ ಗೊತ್ತೇನಪ್ಪಾ, ಗುರುತು ಹಿಡಿದ್ಲಾ?" ಅಂದಳು. ಅವನು ನನ್ನ ಕಡೆ ನೋಡಿದ. ನಾನು ಮೇಲೆ ಫ್ಯಾನು ನೋಡಿದೆ.

ಸುಳ್ಳು ಹೇಳುವುದಿಲ್ಲ, ದಾರಿಯಲ್ಲಿ ನನಗೆ ಖುಷಿಯಾಗಿತ್ತು. ಪೂರ್ತಿ ಕೂತರೂ ಅರ್ಧವೇ ಸಿಗುವ ಕಾಲ ಬಂದಿದೆ, ನಾನು ಇದನ್ನು ಬಹಳ ಮೊದಲೇ ಕಂಡುಕೊಂಡಿದ್ದೆ, ಈಗ ಸಿನಿಮಾದವರಿಗೂ ಬುದ್ಧಿ ಬಂದು ಇಂಟರ್ವಲ್ಲಿಗೇ ಎರಡು ವರ್ಷ ಬಿಡುತ್ತಿದ್ದಾರೆ ಎಂದು ಹೇಳುತ್ತಾ ಬಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಇದು ಲೆಕ್ಕಕ್ಕಿಲ್ಲ" ಅಂದಳು.

ಸಂಕ್ರಾಂತಿಗೆ ಮತ್ತೆ ಕಡೂರು. ದೊಡ್ಡ ಸಿನಿಮಾ ಎರಡು ಬಂದಿದ್ದವು. ಎರಡಕ್ಕೂ ಟಿಕೆಟ್ ಸಿಗಲಿಲ್ಲ. ಇನ್ನೊಂದು ಥಿಯೇಟರಿನಲ್ಲಿ ಹೆಸರು ಕೇಳದವರು ಮಾಡಿದ ಒಂದು ಸಣ್ಣ ಸಿನಿಮಾ ಇತ್ತು. ಗೇಟಿನಲ್ಲಿ ನಿಂತವನೇ "ಹಬ್ಬಕ್ಕೆ ಬಂದು ಇದ್ಯಾಕೆ ಸಾರ್?" ಅಂದ. ಅದನ್ನು ಕೇಳಿಯೇ ನನ್ನ ಹೆಂಡತಿ ಒಳಗೆ ಹೋದಳು. ಭಾವಮೈದ, "ಫೈಟು ಇಲ್ದಿದ್ ಪಿಚ್ಚರ್ ನಾನು ನೋಡಲ್ಲ, ಸಂಜೆ ಮನೇಗೆ ಬನ್ನಿ, ಎಳ್ಳು ಬೆಲ್ಲ ತಿನ್ನೀರಂತೆ" ಎಂದು ಹೊರಟುಹೋದ. ನಾವಿಬ್ಬರೇ ಕೂತೆವು. ಬೈಕಿನ ಸೈಡಿಗೆ ಟೂಲ್ ಬ್ಯಾಗು ತೂಗುತ್ತಿತ್ತು, ಫೋನು ನನ್ನ ಜೇಬಿನಲ್ಲಿತ್ತು. ಸಂಕ್ರಾಂತಿಗೆ ಸಾಮಾನು ಕೂರುವ ಪದ್ಧತಿ ಇಲ್ಲ.

ಒಂದು ಸಣ್ಣ ಊರಿನ ಟೈಲರ್ ಗಂಡ ಹೆಂಡತಿಯ ಕತೆ ಅದು. ಒಂದೇ ಅಂಗಡಿ, ಎರಡು ಹೊಲಿಗೆ ಮೆಷಿನ್ನು, ಇಬ್ಬರ ನಡುವೆ ಎಷ್ಟೋ ವರ್ಷದಿಂದ ಮಾತಿಲ್ಲ. ಬಟ್ಟೆ ಕೊಡಲು ಬಂದವರ ಮೂಲಕ ಮಾತಾಡುತ್ತಾರೆ. "ಟೈಲರಮ್ಮನಿಗೆ ಹೇಳಿ, ಕತ್ತರಿ ಕೊಡಲಿ" ಅನ್ನುತ್ತಾನೆ ಗಂಡ. ಹೆಂಡತಿ ಅದೇ ಗಿರಾಕಿಯ ಕೈಗೆ ಕತ್ತರಿ ಕೊಟ್ಟು, "ಟೈಲರಿಗೆ ಹೇಳಿ, ಮಾತ್ರೆ ತಗೊಳ್ಳೋ ಹೊತ್ತಾಯ್ತು" ಅನ್ನುತ್ತಾಳೆ. ಡೋಲು ಇಲ್ಲ, ಧೂಳು ಇಲ್ಲ. ಗಂಡನ ಪಾರ್ಟು ಮಾಡಿದವನು ಮೆಷಿನ್ನಿಗೆ ಎಣ್ಣೆ ಬಿಡುವಾಗ ಎಲ್ಲಿ ಬಿಡಬೇಕೋ ಅಲ್ಲೇ ಬಿಟ್ಟ, ಬಿಟ್ಟಮೇಲೆ ಹಳೆ ಬಟ್ಟೆಯಲ್ಲಿ ಒರೆಸಿದ. ನಾನು ನೆಟ್ಟಗೆ ಕೂತೆ. ಯಾವನೋ ಕೆಲಸ ನೋಡಿದವನು ತೆಗೆದ ಸಿನಿಮಾ ಇದು ಅನ್ನಿಸಿತು. ಹೆಂಡತಿಯ ಮೆಷಿನ್ನಿನ ಬೆಲ್ಟು ಸಡಿಲವಾಗಿ ಜಾರುತ್ತಿತ್ತು. ಗಂಡನಿಗೆ ಅದು ಕೇಳಿಸುತ್ತಿತ್ತು. ಆದರೂ ಎದ್ದು ಸರಿಮಾಡುವುದಿಲ್ಲ, ಯಾಕೆಂದರೆ ಮಾತಿಲ್ಲ.

ಕೊನೆಗೊಂದು ದಿನ ಅವಳು ತನ್ನ ಮೆಷಿನ್ನನ್ನು ಆಟೋಗೆ ಹಾಕಿಸಿಕೊಂಡು ಹೊರಟಳು. ಆಟೋ ಸ್ಟಾರ್ಟಾಯಿತು. ಗಂಡ ಅಂಗಡಿಯಿಂದ ಇಳಿದು ಬೀದಿಗೆ ಬಂದ. ಅವಳನ್ನೇ ನೋಡುತ್ತ ಬಾಯಿ ತೆರೆದ. ಇಂಟರ್ವಲ್.

ನನಗೆ ಏಳಬೇಕೆನಿಸಲಿಲ್ಲ. ಅವನು ಏನೆಂದ ಎಂದು ತಿಳಿಯದೆ ಅಲ್ಲಿಂದ ಅಲ್ಲಾಡುವ ಹಾಗಿರಲಿಲ್ಲ. ಅಷ್ಟು ವರ್ಷ ಮಾತು ಬಿಟ್ಟವನು ಮೊದಲ ಮಾತು ಏನಾಡುತ್ತಾನೆ? ಯಾವ ಮೋಟರಿನ ಸದ್ದಿನಲ್ಲೂ ಅದಕ್ಕೆ ಉತ್ತರ ಇರಲಿಲ್ಲ. ಜೀವನದಲ್ಲಿ ಮೊದಲ ಸಲ ನಾನಾಗಿಯೇ ಕೂತಿದ್ದೆ, ಆಗ ಜೇಬಿನಲ್ಲಿ ಫೋನು ಗುರುಗುಟ್ಟಿತು.

ಸಿಂಗಟಗೆರೆ ಕಡೆಯ ರೈತ, ನನ್ನ ಹಳೆಯ ಗಿರಾಕಿ. "ಅಣ್ಣಾ, ಮೋಟರ್ ಎತ್ತುತಾ ಇಲ್ಲ. ಬೆಳಿಗ್ಗೆಯಿಂದ ನೀರಿಲ್ಲ. ಮನೆ ತುಂಬ ನೆಂಟ್ರು. ದನದ ಮೈ ತೊಳೆದಿಲ್ಲ, ಸಂಜೆ ಕಿಚ್ಚು ಹಾಯ್ಸೋದು ಹೆಂಗಣ್ಣಾ? ಕಡೂರಾಗವ್ರೆ ಅಂದ್ರು ನಿಮ್ಮೂರ ಟೀ ಹೋಟ್ಲಲ್ಲಿ, ಅದ್ಕೇ ಮಾಡ್ದೆ."

ಸಂಕ್ರಾಂತಿಯ ಸಂಜೆ ದನಗಳಿಗೆ ಮೈ ತೊಳೆದು, ಸಿಂಗರಿಸಿ, ಬೆಂಕಿ ಹಾಯಿಸದೆ ಹಬ್ಬ ಮುಗಿಯುವುದಿಲ್ಲ. ನಾನು ಫೋನು ಕಿವಿಯಲ್ಲಿಟ್ಟುಕೊಂಡೇ ಹೆಂಡತಿಯ ಮುಖ ನೋಡಿದೆ. ಅವಳಿಗೆ ಎಲ್ಲ ಕೇಳಿಸಿತ್ತು. ಅವಳು ಕಡಲೆಕಾಯಿಯನ್ನು ಸೆರಗಿಗೆ ಕಟ್ಟಲಿಲ್ಲ.

"ನೀವು ಹೋಗ್ಬನ್ನಿ" ಅಂದಳು. "ದನ ನಿಂತವೆ."

"ನೀನು?"

"ನಾನು ಕೂತಿದೀನಿ."

"ಒಬ್ಳೇನಾ?"

"ಇಷ್ಟು ಜನ ಅವ್ರಲ್ರೀ. ಆಮೇಲೆ ತಮ್ಮನ ಮನೇಗೆ ಹೋಗಿರ್ತೀನಿ. ನಡೀರಿ, ದೀಪ ಆರಿಸ್ತಾರೆ."

ಬೋಂಡ ಕೊಳ್ಳುವವರ ಮಧ್ಯೆ ನುಗ್ಗಿ ಹೊರಗೆ ಬಂದೆ. ಕಳ್ಳರ ಹಾಗೆ ಅಂದಿದ್ದಳಲ್ಲ, ಹಾಗೇ ಇತ್ತು.

ಸಿಂಗಟಗೆರೆಯ ತೋಟದಲ್ಲಿ ಮೋಟರಿಗೆ ಏನೂ ಆಗಿರಲಿಲ್ಲ. ಸ್ಟಾರ್ಟರ್ ಡಬ್ಬಿಯೊಳಗೆ ಹಲ್ಲಿ ಸೇರಿ, ಕಾಂಟ್ಯಾಕ್ಟಿನ ಮಧ್ಯೆ ಸಿಕ್ಕಿ ಒಣಗಿತ್ತು. ತೆಗೆದು, ಮಸಿ ಕೆರೆದು, ಗುಂಡಿ ಒತ್ತಿದೆ. ನೀರು ಬಂತು. ಇಷ್ಟಕ್ಕೆ ನಾನು ಆ ಕುರ್ಚಿ ಬಿಟ್ಟು ಬಂದಿದ್ದೆ. ತಕ್ಷಣ ಹೊರಟರೆ ಕೊನೆಯ ಸ್ವಲ್ಪವಾದರೂ ಸಿಗಬಹುದೆಂದು ಬೈಕು ಹತ್ತಿದೆ. ಹಬ್ಬದ ದಿನ ಊಟ ಮಾಡದೆ ಹೋದರೆ ಹೇಗೆ ಎಂದು ಮನೆಯವರೆಲ್ಲ ಬೈಕಿಗೆ ಅಡ್ಡ ನಿಂತರು. ಹಸುಗಳು ನೀರಿನ ಕೆಳಗೆ ಕಣ್ಣು ಮುಚ್ಚಿ ನಿಂತಿದ್ದವು. ನಾನು ಎಲೆಯ ಮುಂದೆ ಕೂತೆ.

ರೈತನ ತಾಯಿ, ವಯಸ್ಸಾದ ಅಜ್ಜಿ, ಎದುರಿಗೆ ಕೂತು ಬಡಿಸುವವರ ಮೇಲೆ ಕಣ್ಣಿಟ್ಟಿತ್ತು. "ಎಲ್ಲಿದ್ಯಪ್ಪಾ, ಇಷ್ಟು ಬೇಗ ಬಂದ್ಬಿಟ್ಟೆ?" ಅಂತು. ಸಿನಿಮಾದಲ್ಲಿದ್ದೆ ಅಂದೆ. ಯಾವ ಕತೆ ಅಂತು. ಟೈಲರ್ ಗಂಡ ಹೆಂಡತಿಯ ಕತೆ ಹೇಳಿದೆ. ಅಜ್ಜಿ ತುಂಬ ಚೆನ್ನಾಗಿ ಕೇಳಿಸಿಕೊಂಡಿತು. ಆಟೋ ಸ್ಟಾರ್ಟಾಗಿ, ಗಂಡ ಬಾಯಿ ತೆರೆದಲ್ಲಿಗೆ ಬಂದು ನಿಲ್ಲಿಸಿದೆ.

"ಆಮೇಲೆ?"

"ಆಮೇಲೇನಜ್ಜಿ, ಹೋಗ್ಬೇಡ ಅಂತಾನೆ, ಅವ್ಳು ಇಳೀತಾಳೆ, ಒಂದಾಯ್ತಾರೆ."

"ನೋಡಿದ್ಯಾ?"

"ಇಲ್ಲ. ಅಷ್ಟರಾಗೆ ಫೋನ್ ಬಂತು."

ಅಜ್ಜಿ ನನ್ನ ಎಲೆಗೆ ಇನ್ನಷ್ಟು ಪೊಂಗಲು ಹಾಕಿಸಿತು. "ನೋಡ್ದೇ ಹೇಳ್ಬ್ಯಾಡ ಕಣಪ್ಪಾ. ಆಯಮ್ಮ ಇಳೀಲಿಲ್ವೇನೋ. ನಾನಾಗಿದ್ರೆ ಇಳೀತಿರ್ಲಿಲ್ಲ."

ಕಡೂರಿಗೆ ವಾಪಸು ಬಂದಾಗ ಮಬ್ಬುಗತ್ತಲೆ. ಭಾವಮೈದನ ಮನೆಯ ಜಗಲಿಯಲ್ಲಿ ಹೆಂಗಸರು ಗುಂಪಾಗಿ ಕೂತಿದ್ದರು, ನಡುವೆ ನನ್ನ ಹೆಂಡತಿ. ಏನೋ ಹೇಳುತ್ತಿದ್ದಳು, ಎಲ್ಲರೂ ಬಾಯಿ ಬಿಟ್ಟು ಕೇಳುತ್ತಿದ್ದರು. ಬೈಕಿನ ಬೆಳಕು ಬಿದ್ದ ಕೂಡಲೇ ಮಾತು ನಿಂತಿತು. ಅವಳ ಕಣ್ಣು ಊದಿಕೊಂಡಿದ್ದವು, ಮುಖ ಮಾತ್ರ ಎಣ್ಣೆ ನೀರು ಹೊಯ್ದುಕೊಂಡ ಹಾಗೆ ಹೊಳೆಯುತ್ತಿತ್ತು.

"ನೋಡಿದ್ಯಾ ಪೂರ್ತಿ?"

"ನೋಡ್ದೆ."

"ಎಲ್ರ ಜೊತೇಗೂ ಆಚೆ ಬಂದ್ಯಾ?"

"ಹ್ಞೂಂ. ಯಾರೋ ಗೊತ್ತಿಲ್ಲದ ಹೆಂಗಸು ನನ್ನ ಕೈ ಹಿಡ್ಕೊಂಡು ಮೆಟ್ಲು ಇಳಿದ್ಲು. ಇಬ್ರೂ ಅತ್ಕೊಂಡೇ ಇಳಿದ್ವಿ."

"ಅವ್ನು ಏನಂದ?"

"ಯಾರು?"

"ಆ ಟೈಲರು ಕಣೇ. ಆಟೋ ಹತ್ರ ನಿಂತ್ನಲ್ಲ."

ಹೆಂಗಸರೆಲ್ಲ ಸೆರಗು ಬಾಯಿಗೆ ಅಡ್ಡ ಹಿಡಿದರು. ಹೆಂಡತಿ ಎಳ್ಳು ಬೆಲ್ಲದ ತಟ್ಟೆ ನನ್ನ ಮುಂದಿಟ್ಟು, "ನೀವೇ ಹೇಳಿ. ಫಸ್ಟ್ ಹಾಫಲ್ಲೇ ಗೊತ್ತಾಗ್ತದಲ್ಲ ನಿಮ್ಗೆ" ಅಂದಳು.

ಬಾಗಿಲಲ್ಲಿ ನಿಂತಿದ್ದ ಭಾವಮೈದ ಇದಕ್ಕೇ ಕಾದಿದ್ದವನ ಹಾಗೆ, "ಭಾವಾ, ಇನ್ಮೇಲೆ ಇಂಟರ್ವಲ್‌ಗಂಟ ನೀವು ಹೇಳಿ, ಆಮೇಲಿಂದು ಅಕ್ಕ ಹೇಳ್ತಾಳೆ" ಅಂದ. ಜಗಲಿ ತುಂಬ ನಗು. ಎಳ್ಳು ತಿಂದು ಒಳ್ಳೆ ಮಾತಾಡಬೇಕಾದ ದಿನ, ಅದಕ್ಕೆ ಒಂದು ಹಿಡಿ ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡೆ.

ಬೈಕಿನಲ್ಲಿ ಬರುವಾಗ ಚಳಿ ಇತ್ತು. ಅವಳು ಸೆರಗನ್ನು ಕಿವಿಗೆ ಸುತ್ತಿಕೊಂಡು ಕೂತಿದ್ದಳು. ಬೀರೂರು ದಾಟಿದ ಮೇಲೆ ನಾನೇ ಶುರು ಮಾಡಿದೆ.

"ಹೋಗ್ಬೇಡ ಅಂದ್ನಾ?"

"ಊಹೂಂ."

"ತಪ್ಪಾಯ್ತು ಅಂದ್ನಾ?"

"ಗಂಡಸ್ರು ಹಂಗಂತಾರಾ?"

ಸ್ವಲ್ಪ ದೂರ ಬಂದೆವು. ಆ ಟೈಲರಿನ ಜಾಗದಲ್ಲಿ ನಾನಿದ್ದಿದ್ದರೆ ಏನನ್ನುತ್ತಿದ್ದೆ ಎಂದು ಯೋಚಿಸಿದೆ.

"ಬೆಲ್ಟು ಸಡಿಲ ಆಗೈತೆ, ಇಳಿಸು, ಸರಿಮಾಡ್ಕೊಡ್ತೀನಿ ಅಂದ್ನಾ?"

ಹಿಂದೆ ಅವಳು ನಗಲು ಶುರುಮಾಡಿದಳು. ಬೈಕು ಅಲ್ಲಾಡುವಷ್ಟು ನಕ್ಕಳು. ನನ್ನ ಮಾತು ಸರಿಯಾಗಿದ್ದಕ್ಕೆ ನಕ್ಕಳೋ, ನನ್ನಂಥವನ ಬಾಯಲ್ಲಿ ಇದಕ್ಕಿಂತ ಇನ್ನೇನು ಬಂದೀತು ಎಂದು ನಕ್ಕಳೋ ತಿಳಿಯಲಿಲ್ಲ.

"ಹೇಳೇ."

"ಹೇಳಲ್ಲ ಕಣ್ರೀ. ಇಷ್ಟು ವರ್ಷ ನೀವು ಹೇಳಿದ್ದು ನಾನು ಕೇಳ್ಕೊಂಡು ಬಂದಿಲ್ವಾ? ಇದೊಂದು ನನ್ನ ಹತ್ರ ಇರ್ಲಿ."

ಮಾರನೆಯ ಬೆಳಿಗ್ಗೆ ಟೀ ಹೋಟೆಲಿನವನು ಸೋಸುವುದನ್ನು ನಿಲ್ಲಿಸಿ, "ಹೆಂಗೈತಣ್ಣಾ ಪಿಚ್ಚರು?" ಅಂದ. ನಾನು ಒಂದು ಗುಟುಕು ಕುಡಿದೆ. ಬೆಂಚಿನವರು ಕಾದರು. ಇನ್ನೊಂದು ಗುಟುಕು ಕುಡಿದೆ.

"ನಮ್ಮನೇರನ್ನ ಕೇಳು" ಅಂದೆ.

ಹೋಟೆಲಿನವನು ಒಲೆ ಸಣ್ಣಗೆ ಮಾಡಿ, "ಯಾಕಣ್ಣಾ, ಹುಷಾರಿಲ್ವಾ?" ಅಂದ.

ಅವರು ನಿಜವಾಗಿಯೂ ಅವಳನ್ನೇ ಕೇಳಿದರು. ಹೋಟೆಲಿನವನ ಹೆಂಡತಿ ತೆಂಗಿನಕಾಯಿ ಕೊಳ್ಳುವ ನೆಪದಲ್ಲಿ ನಮ್ಮ ಮನೆಗೆ ಬಂದು ಕೇಳಿಕೊಂಡು ಹೋಗಿದ್ದಾಳೆ, ಅವಳಿಗೂ "ಹೋಗಿ ನೋಡು" ಎಂದಷ್ಟೇ ಉತ್ತರ ಸಿಕ್ಕಿತಂತೆ. ಊರಿನ ಒಂದು ಗುಂಪು ಹೆಂಗಸರು ಆ ಭಾನುವಾರವೇ ಬಸ್ಸು ಹತ್ತಿ ಕಡೂರಿಗೆ ಹೋಗಿಬಂದರು. ನನ್ನ "ಓಡ್ತದೆ" ಎಂಬ ತೀರ್ಪಿಗೆ ಇಷ್ಟು ಜನ ಯಾವತ್ತೂ ಬಸ್ಸು ಹತ್ತಿದ್ದಿಲ್ಲ. ಅವರಲ್ಲಿ ಒಬ್ಬಳೂ ನನಗೆ ಕೊನೆ ಹೇಳುವುದಿಲ್ಲ. ಮನೆಯಿಂದ ಅಪ್ಪಣೆಯಾಗಿದೆ.

ನಾನೂ ಒಂದು ದಿನ ಅಂಗಡಿ ಬಾಗಿಲು ಬೇಗ ಹಾಕಿ ಹೋದೆ. ಅಷ್ಟರಲ್ಲಿ ಆ ಸಣ್ಣ ಸಿನಿಮಾ ಕಿತ್ತುಹಾಕಿ, ದೊಡ್ಡ ಹೀರೋನ ಗಡ್ಡವನ್ನು ಆ ಪರದೆಗೂ ಹಾಕಿದ್ದರು. ಈಗ ಅದು ಮೊಬೈಲಿನಲ್ಲೇ ಬಂದಿದೆಯಂತೆ. ಭಾವಮೈದ ನನ್ನ ಫೋನು ಕಿತ್ತುಕೊಂಡು ಎಲ್ಲಿ ಒತ್ತಬೇಕೆಂದೂ ತೋರಿಸಿದ. "ನೇರ ಸೆಕೆಂಡ್ ಹಾಫಿಗೇ ಹೋಗ್ಬೋದು ಭಾವಾ" ಅಂದ. ನಾನು ಒತ್ತಿಲ್ಲ. ಒಂದಲ್ಲ ಒಂದು ದಿನ ಮಜ್ಜಿಗೆ ಬಡಿಸುವಾಗ ಅವಳೇ ಹೇಳಬಹುದು ಎಂದು ಕಾದಿದ್ದೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಅಂಗಡಿ ಒಂದು, ವೈಂಡಿಂಗ್ ಮೆಷಿನ್ನು ಎರಡು, ಮನೆ ಒಂದು, ಬೈಕು ಒಂದು, ಹಿತ್ತಲಲ್ಲಿ ತೆಂಗಿನ ಮರ ನಾಲ್ಕು. ಕೊನೆಯವರೆಗೆ ಕೂತು ನೋಡಿದ ಸಿನಿಮಾ ಒಂದು, ಅದಕ್ಕೆ ಕೊನೆ ಇಲ್ಲ. ಹೆಂಡತಿ ಒಬ್ಬಳು. ಪೂರ್ತಿ ಸಿನಿಮಾ ಒಂದು, ಅದು ಅವಳ ಹತ್ತಿರ ಇದೆ.